ಮೀನಿನ ಕಣ್ಣಿಗೆ ಕಟ್ಟುವ ಹುಳ

ಇಂಗ್ಲೆಂಡಿನ ಟೆಸ್ಟ್ ನದಿಯ ದಡದ ಸ್ಟಾಕ್‌ಬ್ರಿಜ್‌ನಲ್ಲಿ ಮೀನು ಹಿಡಿಯಲು ನಕಲಿ ಹುಳ ಕಟ್ಟುವ ಹಿರಿಯರೊಬ್ಬರು ನನ್ನ ಅಂಗೈ ಮೇಲೆ ಮೇಫ್ಲೈ ಎಂಬ ಕೀಟದ ಎರಡು ನಕಲಿ ಇಟ್ಟರು. ಒಂದಕ್ಕೆ ಗೀರುಗೀರಾದ ರೆಕ್ಕೆ, ಮಂಡಿ ಮಡಚಿದ ಆರು ಕಾಲು, ಮೂರು ಬಾಲ, ಮಿಣುಕುವ ಕಣ್ಣು. ಎಲ್ಲಿ ಹಾರಿಬಿಡುತ್ತದೋ ಎಂದು ನಾನು ಕೈ ಅಲುಗಿಸಲಿಲ್ಲ. ಇನ್ನೊಂದು, ಗಾಳಕ್ಕೆ ಸುತ್ತಿದ ನಾಲ್ಕೆಳೆ ರೇಷ್ಮೆ, ಒಂದಿಷ್ಟು ಹುಂಜದ ಗರಿ, ಅಷ್ಟೇ. "ಟ್ರೌಟ್ ಮೀನು ನುಂಗುವುದು ಇದನ್ನು" ಎಂದು ಅವರು ತೋರಿಸಿದ್ದು ಎರಡನೆಯದನ್ನು.

ನಕಲು ಮಾಡುವ ಹಟ ಹಳೆಯದು. 1836ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ನಿಜವಾದ ಕೀಟದ ಪಕ್ಕದಲ್ಲೇ ನಕಲಿಯ ಚಿತ್ರ ಬರೆದು ಪುಸ್ತಕ ತಂದ. 1886ರಲ್ಲಿ ಫ್ರೆಡ್ರಿಕ್ ಹಾಲ್ಫರ್ಡ್ ತೇಲುವ ಹುಳ ಕಟ್ಟುವುದನ್ನೇ ಒಂದು ಶಾಸ್ತ್ರವಾಗಿಸಿದ.

ನನಗೆ ಅಚ್ಚುಮೆಚ್ಚು ಅವರ ನಂತರ ಬಂದ ಜೆ. ಡಬ್ಲ್ಯು. ಡನ್. ಸೈನಿಕ, ಬಾಲವಿಲ್ಲದ ವಿಮಾನಗಳನ್ನು ರೂಪಿಸಿದ ಎಂಜಿನಿಯರ್. ಮುಂದಾಗುವುದು ಕನಸಿನಲ್ಲಿ ಕಾಣುತ್ತದೆಂದು 1927ರಲ್ಲಿ ಪುಸ್ತಕ ಬರೆದು ಹೆಸರಾದವನು. ಅದಕ್ಕೂ ಮೊದಲು, 1924ರಲ್ಲಿ, 'ಸನ್‌ಶೈನ್ ಆಂಡ್ ದಿ ಡ್ರೈ ಫ್ಲೈ' ಬರೆದಿದ್ದ. ಅವನ ಕಣ್ಣು ಬಿದ್ದದ್ದು ಗಾಳದ ಕಡ್ಡಿಯ ಮೇಲೆ. ಜೀವಂತ ಹುಳದ ಮೈಯಲ್ಲಿ ಬಿಸಿಲು ಹಾಯುತ್ತದೆ. ನಕಲಿಯ ಹೊಟ್ಟೆಯೊಳಗೆ ಕಪ್ಪು ಉಕ್ಕು ಕೂತಿರುತ್ತದೆ. ಅದಕ್ಕೆಂದೇ ಕಡ್ಡಿಗೆ ಬಿಳಿ ಬಣ್ಣ ಬಳಿದು, ಮೇಲೆ ಕೃತಕ ರೇಷ್ಮೆ ಸುತ್ತಿ, ಎಣ್ಣೆ ಸವರಿದ. ಎಣ್ಣೆ ಕುಡಿದ ರೇಷ್ಮೆಯಲ್ಲಿ ಬೆಳಕು ನುಸುಳಿ ಮೈಯೆಲ್ಲ ಬೆಳಗುತ್ತದೆ. ಆ ಹಿರಿಯರು ನನ್ನೆದುರೇ ಮಾಡಿ ತೋರಿಸಿದರು: ವೈಸ್ ಎಂಬ ಇಕ್ಕಳಕ್ಕೆ ಕಚ್ಚಿಸಿದ ಬಿಳಿ ಗಾಳ, ಒಂದು ಹನಿ ಎಣ್ಣೆ, ಕಿಟಕಿಯ ಬಿಸಿಲು. ಮಂಕು ಹಳದಿ ನೂಲು ಜೇನಿನಂತೆ ಹೊಳೆಯಿತು. ಮತ್ತೊಂದು ಮಾಡಿ ಎಂದೆ, ಮಾಡಿದರು.

ನೀರೊಳಗಿನ ಮೀನಿಗೆ ಹೊರಜಗತ್ತು ಕಾಣುವುದು ತಲೆಯ ಮೇಲಿನ ಸುಮಾರು 97 ಡಿಗ್ರಿಯ ದುಂಡು ಕಿಂಡಿಯಲ್ಲಿ. ಅದರಾಚೆ ಮೇಲ್ಮೈ ಬರೀ ಕನ್ನಡಿ. ಆ ಕನ್ನಡಿಯಲ್ಲಿ ಹುಳದ ಕಾಲು ಒತ್ತಿದ ಕಡೆ ಮಿನುಗುವ ಚುಕ್ಕೆಗಳೇ ಮೊದಲ ಸುಳಿವು. ಬಳಿಕ ಕಿಂಡಿಯ ಅಂಚಿನಲ್ಲಿ ರೆಕ್ಕೆಯ ತುದಿ ಇಣುಕುತ್ತದೆ, ಆಮೇಲೆ ಮೈ. ಪೆನ್ಸಿಲ್ವೇನಿಯಾದ ಲೆಟಾರ್ಟ್ ಹೊಳೆಯ ವಿನ್ಸೆಂಟ್ ಮರಿನಾರೊ ಇದನ್ನೇ ಬೆನ್ನುಹತ್ತಿ 1950ರಲ್ಲಿ ಪುಸ್ತಕ ಬರೆದ. ಹೀಗಿರುವಾಗ ಮಂಡಿ, ಕಣ್ಣು ಮೂಡಿಸುವುದೆಲ್ಲ ನಮ್ಮ ತೃಪ್ತಿಗೆ ಎಂದೇ ನನ್ನ ನಂಬಿಕೆ. ಗಟ್ಟಿ ಕಾಲು ಸೆಳವಿನಲ್ಲಿ ಸೆಟೆದು ನಿಲ್ಲುತ್ತದೆ. ಮೆತ್ತನೆ ಗರಿ ಮಿಡಿಯುತ್ತದೆ.

ಡನ್‌ನ ಉಪಾಯಕ್ಕೆ ಸರಿಯಾದ ಹೊತ್ತೊಂದಿದೆ. ರೆಕ್ಕೆ ಬಂದ ಮೇಲೂ ಒಮ್ಮೆ ಪೊರೆ ಬಿಡುವ ಕೀಟಬಳಗ ಮೇಫ್ಲೈ ಒಂದೇ. ಪೊರೆ ಬಿಟ್ಟ ಹುಳದ ರೆಕ್ಕೆ ಮಂಕು ಕಳೆದು ತಿಳಿಯಾಗುತ್ತದೆ. ಮೊಟ್ಟೆಯಿಟ್ಟ ಹೆಣ್ಣು ಆ ರೆಕ್ಕೆ ಚಾಚಿ ನೀರಿಗೆ ಬಿದ್ದಾಗ ಕೆಳಗಿರುವ ಮೀನಿಗೆ ಬೆಳಕು ಅದರ ಮೈ ಹಾದೇ ತಲುಪುತ್ತದೆ. ಡನ್‌ನ ಬಿಳಿ ಗಾಳ, ಎಣ್ಣೆರೇಷ್ಮೆ ಅಲ್ಲಿಗೆ ಹೇಳಿಮಾಡಿಸಿದ್ದು. ಮುಂದಿನ ಮೇ ತಿಂಗಳಿಗೆ ಅಂಥವನ್ನು ಕಟ್ಟಿಡಲು ಆ ಹಿರಿಯರಿಗೆ ಹೇಳಿ ಬಂದಿದ್ದೇನೆ.