ಹೆದ್ದಾರಿಗೊಂದು, ಕೆಸರಿಗೊಂದು: ದೊಡ್ಡ ಗಾಡಿ ಕೊಳ್ಳುವವರ ಪಜೀತಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಕಡೆ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ಯಜಮಾನರೊಬ್ಬರಿಗೆ ಮೂರು ತಿಂಗಳಿಂದ ರಾತ್ರಿ ನಿದ್ದೆಯಿಲ್ಲ. ಸಾಲಗಾರರ ಕಾಟವಿಲ್ಲ, ಜಿಎಸ್‌ಟಿ ನೋಟಿಸು ಬಂದಿಲ್ಲ. ಗಾಡಿ ಕೊಳ್ಳಬೇಕು. ಅದೂ ದೊಡ್ಡ ಗಾಡಿ. ಈಗಿನವರು ಎಸ್‌ಯುವಿ ಅನ್ನುತ್ತಾರಲ್ಲ, ಅದು.

ಮನೆ ಸಕಲೇಶಪುರದಲ್ಲಿ, ಅಂಗಡಿ ಹಾಸನದಲ್ಲಿ. ನಡುವೆ ಬಾಳ್ಳುಪೇಟೆ, ಆಲೂರು. ಹೋಗಲು ನಲವತ್ತು ಕಿಲೋಮೀಟರ್, ಬರಲು ನಲವತ್ತು. ಇಷ್ಟು ವರ್ಷ ಕೆಂಪು ಬಸ್ಸಿನಲ್ಲೇ ಕಾಲ ಹಾಕಿದರು. ಮಂಗಳೂರಿನಿಂದ ತುಂಬಿಕೊಂಡು ಬರುವ ಬಸ್ಸು ಸಕಲೇಶಪುರದಲ್ಲಿ ಹತ್ತಿದವರಿಗೆ ಕೊಡುವುದು ಕೊನೆಯ ಸೀಟು. ಅದೂ ಅದೃಷ್ಟವಿದ್ದರೆ!

ಆದರೆ ಗಾಡಿಯ ಆಸೆ ಹುಟ್ಟಿದ್ದು ಅವರ ಬೆನ್ನುನೋವಿನಿಂದಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಇದ್ದಾರೆ. ಎರಡೂ ಮಂಡಿ ಹೋಗಿವೆ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎರಡು ವರ್ಷದಿಂದ ಹೊಸಲು ದಾಟಿಲ್ಲ. ಒಂದು ಮದುವೆ ಹೋಯಿತು, ಒಂದು ಗೃಹಪ್ರವೇಶ ಹೋಯಿತು. ಹೆತ್ತೂರಿನ ಆಚೆ ಇರುವ ತವರು ಮನೆಯಲ್ಲಿ ಅವರ ತಮ್ಮ ತೀರಿಕೊಂಡಾಗಲೂ ಹೋಗಲಾಗಲಿಲ್ಲ. ಆ ಮನೆಗೆ ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಮಣ್ಣಿನ ದಾರಿ. ಬೇಸಿಗೆಯಲ್ಲಿ ಧೂಳು, ಆಷಾಢದಲ್ಲಿ ಮಂಡಿವರೆಗೆ ಕೆಸರು. ಅವತ್ತು ರಾತ್ರಿಯೇ ಯಜಮಾನರು ತೀರ್ಮಾನ ಮಾಡಿದ್ದು: ಗಾಡಿ ತಗೋಬೇಕು, ಅಮ್ಮನನ್ನು ಆ ಮನೆಯ ಬಾಗಿಲಲ್ಲೇ ಇಳಿಸಬೇಕು.

ತೀರ್ಮಾನ ಸುಲಭ. ಯಾವ ಗಾಡಿ ಅನ್ನುವುದೇ ಪಜೀತಿ.

ಫೋರ್ ಬೈ ಫೋರ್ ಮೋಹ

ಮಲೆನಾಡಿನವರಿಗೆ ನಾಲ್ಕು ಚಕ್ರವೂ ಎಳೆಯುವ ಗಾಡಿ ಹೊಸದಲ್ಲ. 1947ರಿಂದ ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿದ ಮೇಲೆ ಕಾಫಿ ತೋಟಗಳಿಗೆ ಜೀಪು ಬಂತು, ತೋಟದ ಸಾಹುಕಾರರಿಗೆ ಜೀಪೇ ಗುರುತಾಯಿತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. 2000ದಲ್ಲಿ ಬೊಲೆರೋ, 2002ರಲ್ಲಿ ಸ್ಕಾರ್ಪಿಯೋ. ಇವತ್ತಿಗೂ ಸಂತೆಯ ದಿನ ಹಾನುಬಾಳು ಕಡೆಯಿಂದ ಬರುವ ಹಳೇ ಜೀಪುಗಳನ್ನು ನೋಡಿ. ಬಾಗಿಲಿಲ್ಲ, ಹಾರನ್ನಿಲ್ಲ, ಆದರೆ ಎಂಥ ಕೆಸರಿನಲ್ಲೂ ನಿಲ್ಲುವುದಿಲ್ಲ.

ಯಜಮಾನರ ಮಗ ಪಿಯುಸಿ ಓದುತ್ತಾನೆ. ಅವನ ಕಣ್ಣೆಲ್ಲ ಥಾರ್ ಮೇಲೆ. ಸಂಸಾರ ಒಟ್ಟು ಐದು ಜನ: ಗಂಡ, ಹೆಂಡತಿ, ಎರಡು ಮಕ್ಕಳು, ಅಜ್ಜಿ. 2020ರಲ್ಲಿ ಬಂದ ಮೂರು ಬಾಗಿಲ ಥಾರ್‌ನಲ್ಲಿ ನಾಲ್ಕೇ ಸೀಟು. ಹಿಂದೆ ಕೂರಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. 2023ರಲ್ಲಿ ಬಂದ ಐದು ಬಾಗಿಲ ಜಿಮ್ನಿ ಕೆಸರಿಗೆ ಹುಲಿ. ನೆಲದಿಂದ 210 ಮಿಲಿಮೀಟರ್ ಎತ್ತರ, ಕಡಿದಾದ ಏರಿಗೆ ಬೇಕಾದ ಲೋ ಗೇರೂ ಇದೆ. ಅದರಲ್ಲೂ ಕಾನೂನು ಪ್ರಕಾರ ನಾಲ್ಕೇ ಜನ. ಐದನೆಯವರು ಯಾರು ಮನೆಯಲ್ಲಿ ಉಳಿಯಬೇಕು? ಅಜ್ಜಿಯೇ ತಾನೆ! ಹಾಗಾದರೆ ಗಾಡಿ ಯಾಕೆ?

2024ರ ಆಗಸ್ಟಿನಲ್ಲಿ ಐದು ಬಾಗಿಲ, ಐದು ಸೀಟಿನ ಥಾರ್ ರಾಕ್ಸ್ ಬಂದಾಗ ಹುಡುಗ ಕುಣಿದಾಡಿದ. ತಾಯಿಯನ್ನೂ ಕರೆದುಕೊಂಡು ಯಜಮಾನರು ಶೋರೂಮಿಗೆ ಹೋದರು. ಅಜ್ಜಿ ಬಾಗಿಲ ಹಿಡಿ ಹಿಡಿದು ಒಂದು ಕಾಲು ಮೇಲಿಟ್ಟರು. ಎರಡನೆಯದು ಏಳಲಿಲ್ಲ. ಅಲ್ಲಿನ ಹುಡುಗ ಓಡಿ ಹೋಗಿ ಪ್ಲಾಸ್ಟಿಕ್ ಸ್ಟೂಲ್ ತಂದ.

"ನನ್ನ ಹೆಣ ಹೊತ್ಕೊಂಡ್ ಹೋಗಕ್ಕೆ ಸರಿಯಾಗಿದೆ ಕಣಪ್ಪ, ನಡಿ ಮನೆಗೆ" ಎಂದರಂತೆ ಅಜ್ಜಿ.

ಮನೆಗೆ ಬಂದ ಮೇಲೆ ಹೆಂಡತಿಯ ಮಾತು ಇನ್ನೂ ಚುರುಕು. "ಅತ್ತೆಯೋರು ಹತ್ತಕ್ಕಾಗದ ಗಾಡಿ ಮನೆ ಮುಂದೆ ಯಾಕ್ರೀ? ಪೂಜೆ ಮಾಡಕ್ಕಾ?"

ಹಿರಿಯರಿರುವ ಮನೆಯವರು ಇದೊಂದನ್ನು ಗಮನಿಸಬೇಕು. ಸೀಟು ತೀರಾ ತಗ್ಗಿದ್ದರೂ ಕಷ್ಟ, ಕುಕ್ಕರುಗಾಲಿನಲ್ಲಿ ಕೂತಂತಾಗಿ ಏಳಲಾಗದು. ತೀರಾ ಎತ್ತರವಾದರೆ ಏರಲಾಗದು. ನಿಂತಾಗ ಸೊಂಟದ ಮಟ್ಟಕ್ಕೆ ಸೀಟು ಬಂದರೆ ಅಲ್ಲಿ ಕೂತು ಕಾಲು ಒಳಗೆ ತಿರುಗಿಸಿಕೊಂಡರೆ ಆಯಿತು. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಗಾಡಿ ಬಂಡೆ ಹತ್ತುವುದನ್ನು ತೋರಿಸುತ್ತಾರೆ, ಅಜ್ಜಿ ಗಾಡಿ ಹತ್ತುವುದನ್ನಲ್ಲ.

ಮೇಸ್ತ್ರಿ ಹೇಳಿದ ಲೆಕ್ಕ

ಕೊನೆಗೆ ಯಜಮಾನರು ಹೋದದ್ದು ಬಿ.ಎಂ. ರಸ್ತೆಯ ಗ್ಯಾರೇಜಿನ ಹಳೇ ಮೇಸ್ತ್ರಿಯ ಹತ್ತಿರ. ಮೇಸ್ತ್ರಿ ಕೈ ಒರೆಸಿಕೊಂಡು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ವರ್ಷದಲ್ಲಿ ಎಷ್ಟು ದಿನ ಕೆಸರಿಗೆ ಹೋಗ್ತೀರಣ್ಣ?"

ಯಜಮಾನರು ಬೆರಳು ಮಡಿಸಿದರು. ಹಬ್ಬ, ತಿಥಿ, ಕಾಫಿ ಕುಯ್ಲಿನ ಹೊತ್ತು, ಎಲ್ಲ ಸೇರಿ ಹತ್ತು ಹನ್ನೆರಡು ದಿನ. ಕುಯ್ಲು ಚಳಿಗಾಲದಲ್ಲಿ, ಆಗ ದಾರಿ ಒಣಗಿರುತ್ತದೆ. ನಿಜವಾದ ಕೆಸರು ನಾಲ್ಕು ದಿನ ಸಿಕ್ಕರೆ ಹೆಚ್ಚು.

"ಹೆದ್ದಾರಿ ಮುನ್ನೂರು ದಿನ, ಕೆಸರು ನಾಲ್ಕು ದಿನ. ಗಾಡಿ ಯಾವುದಕ್ಕೆ ತಗೋತೀರಿ?"

ಇದು ಸಾಮಾನ್ಯ ಮಾತಲ್ಲ. ಗಾಡಿಗಳಲ್ಲಿ ಎರಡು ಜಾತಿ. ಒಂದು ಏಣಿಯ ಹಾಗಿರುವ ಕಬ್ಬಿಣದ ಚಾಸಿ ಮೇಲೆ ಬಾಡಿ ಕೂರಿಸಿದ್ದು. ಲಾರಿ, ಬಸ್ಸು, ಬೊಲೆರೋ, ಸ್ಕಾರ್ಪಿಯೋ-ಎನ್, ಥಾರ್, ಫಾರ್ಚೂನರ್ ಈ ಜಾತಿ. ಹೊಂಡ, ಬಂಡೆ, ತೂಕ ಎಲ್ಲ ತಡೆಯುತ್ತವೆ. ಇನ್ನೊಂದು ಡಬ್ಬಿಯ ಹಾಗೆ ಬಾಡಿಯೇ ಚಾಸಿಯೂ ಆಗಿರುವುದು. ಕ್ರೆಟಾ, ಹ್ಯಾರಿಯರ್, ಗ್ರ್ಯಾಂಡ್ ವಿಟಾರಾ, ಎಕ್ಸ್‌ಯುವಿ 700 ಇವೆಲ್ಲ ಆ ಜಾತಿ. ತೂಕ ಕಡಿಮೆ, ತಿರುವಿನಲ್ಲಿ ವಾಲುವುದು ಕಡಿಮೆ, ಸಾಮಾನ್ಯವಾಗಿ ಎಣ್ಣೆಯೂ ಕಡಿಮೆ ಕುಡಿಯುತ್ತವೆ.

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಉಳಿದದ್ದು ವಿವರಿಸಬೇಕಾಗಿಲ್ಲ. ಹಿಂದಿನ ಚಕ್ರದ ಆಚೆಗೆ ಕೂತವನನ್ನು ಹಂಪು ಮೇಲಕ್ಕೆ ಎಸೆಯುತ್ತದೆ, ಡ್ರೈವರ್ ಹಿಂದಿನ ಸೀಟಿನವನು ಹಾಯಾಗಿ ತೂಕಡಿಸುತ್ತಾನೆ. ಏಳು ಸೀಟಿನ ಗಾಡಿಯ ಮೂರನೇ ಸಾಲೂ ಅಷ್ಟೇ, ಚಕ್ರದ ಮೇಲೋ ಹಿಂದೋ ಬರುತ್ತದೆ. ಏಳು ಸೀಟಿದೆ ಎಂದು ಅಲ್ಲಿ ಅಜ್ಜಿಯನ್ನು ಕೂರಿಸಿದರೆ ಬಸ್ಸು ತಪ್ಪಿಸಿದ ಪುಣ್ಯ ಏನೂ ಬರುವುದಿಲ್ಲ. ಮಕ್ಕಳಿಗಾದರೆ ಶಿರಾಡಿ ಘಾಟಿಯ ಎರಡನೇ ತಿರುವಿಗೇ ವಾಂತಿ.

ಫೋರ್ ಬೈ ಫೋರ್ ಅನ್ನುವುದರಲ್ಲೂ ಒಳಗುಟ್ಟುಗಳಿವೆ. ಮೈ ನೋಡಿದರೆ ಆನೆಯಂತಿರುವ ಹ್ಯಾರಿಯರ್ 2019ರಲ್ಲಿ ಬಂದಾಗ ಎಳೆಯುತ್ತಿದ್ದದ್ದು ಮುಂದಿನ ಎರಡೇ ಚಕ್ರ. ನಾಲ್ಕೂ ಚಕ್ರ ಎಳೆಯುವ ಹ್ಯಾರಿಯರ್ ಬಂದದ್ದು 2025ರ ಬ್ಯಾಟರಿ ಗಾಡಿಯಲ್ಲಿ. 2015ರಿಂದ ನಮ್ಮಲ್ಲಿ ಓಡುತ್ತಿರುವ ಪೆಟ್ರೋಲ್, ಡೀಸೆಲ್ ಕ್ರೆಟಾಗಳೆಲ್ಲ ಎರಡು ಚಕ್ರದವೇ. ಸ್ಕಾರ್ಪಿಯೋ-ಎನ್, ಥಾರ್ ರಾಕ್ಸ್ ಎರಡರಲ್ಲೂ ನಾಲ್ಕು ಚಕ್ರ ಬೇಕೆಂದರೆ ಡೀಸೆಲ್ಲೇ ತಗೊಳ್ಳಬೇಕೆಂಬ ಏರ್ಪಾಟು ಮಾಡಿಟ್ಟರು. 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾದಲ್ಲಿ ಬೇಕೆಂದವರಿಗೆ ನಾಲ್ಕು ಚಕ್ರದ ವ್ಯವಸ್ಥೆ ಕೊಟ್ಟರು, ಲೋ ಗೇರ್ ಕೊಡಲಿಲ್ಲ. ಜಾರುವ ದಾರಿಗೆ ಅದು ಸಾಕು, ಕಡಿದಾದ ತೋಟದ ಏರಿಗೆ ಸಾಲದು. ಹೊರಗಿನ ಗತ್ತು ನೋಡಿ ಕೊಂಡವನು ಗದ್ದೆಯಲ್ಲಿ ಹೂತುಹೋದ ಮೇಲೆ ಟ್ರ್ಯಾಕ್ಟರಿಗೆ ಫೋನ್ ಮಾಡಬೇಕು.

ಇನ್ನೊಂದು ತಮಾಷೆ. ಸರ್ಕಾರದ ತೆರಿಗೆಯ ಪುಸ್ತಕದಲ್ಲಿ ಎಸ್‌ಯುವಿ ಅನ್ನಿಸಿಕೊಳ್ಳಲು ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಇಂಜಿನ್, ನೆಲದಿಂದ 170 ಮಿಲಿಮೀಟರ್ ಎತ್ತರ, ಮೂರೂ ಬೇಕು. ಬೀದಿ ತುಂಬ ಎಸ್‌ಯುವಿ ಎಂದು ಮೆರೆಯುವ 1.5 ಲೀಟರಿನ ಗಾಡಿಗಳ ಇಂಜಿನ್ 1500ಕ್ಕೆ ಕೂದಲೆಳೆಯಷ್ಟು ಕಡಿಮೆ! 2025ರ ಸೆಪ್ಟೆಂಬರ್ 22ರಿಂದ ಸೆಸ್ಸು ಹೋಗಿ ದೊಡ್ಡ ಗಾಡಿಗಳಿಗೆಲ್ಲ ಶೇಕಡಾ 40, ಸಣ್ಣವಕ್ಕೆ ಶೇಕಡಾ 18 ಎಂದಾಯಿತು. ಅದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಅದು ದೇಶದಲ್ಲೇ ದುಬಾರಿಯ ಸಾಲಿನಲ್ಲಿದೆ ಎಂಬುದು ಪುದುಚೇರಿ ನಂಬರಿನ ಗಾಡಿ ನೋಡಿದವರಿಗೆಲ್ಲ ಗೊತ್ತು.

ಮೇಸ್ತ್ರಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟ. ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 25 ದಿನ, ಅಲ್ಲಿಗೆ 2,000. ಲೀಟರಿಗೆ 10 ಕೊಡುವ ಗಾಡಿಗೆ 200 ಲೀಟರ್. 16 ಕೊಡುವ ಗಾಡಿಗೆ 125. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 7,500 ರೂಪಾಯಿ ವ್ಯತ್ಯಾಸ. ವರ್ಷಕ್ಕೆ 90,000. ನಾಲ್ಕು ದಿನದ ಕೆಸರಿಗೆ ಇಷ್ಟು ಬಾಡಿಗೆ!

"ಆ ದುಡ್ಡಲ್ಲಿ ಹುಡುಗನ ಕಾಲೇಜ್ ಫೀಸ್ ಕಟ್ಬೋದಲ್ಲಣ್ಣ" ಎಂದ ಮೇಸ್ತ್ರಿ. ಯಜಮಾನರು ಮಾತಾಡಲಿಲ್ಲ.

ಡೀಸೆಲ್ ಬೇಡ, ಹೊಗೆ ಸೋಸುವ ಡಬ್ಬಿ ಕಟ್ಟಿಕೊಳ್ಳುತ್ತದೆ ಎಂದು ಪಕ್ಕದಂಗಡಿಯವರು ಹೆದರಿಸಿದ್ದರು. ಮಾತು ಅರ್ಧ ನಿಜ. 2020ರ ಏಪ್ರಿಲಿನಲ್ಲಿ ಬಿಎಸ್-6 ಬಂದಾಗಿನಿಂದ ಡೀಸೆಲ್ ಗಾಡಿಗೆ ಮಸಿ ಹಿಡಿಯುವ ಫಿಲ್ಟರ್ ಇದೆ. ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿ ಬಿಸಿಯಾದರೆ ಮಸಿ ತಾನೇ ಉರಿದುಹೋಗುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್ ಓಡಿಸುವವರಿಗೆ ಅದು ತಲೆನೋವು. ದಿನಾ ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರ್ ಹೋಗುವವರಿಗೆ ಅಷ್ಟೇನೂ ಭಯವಿಲ್ಲ.

ದೊಡ್ಡ ಚಕ್ರದ ಶೋಕಿ

ಮೇಲಿನ ಮಾಡೆಲ್ಲಿಗೆ ದೊಡ್ಡ ಅಲಾಯ್ ಚಕ್ರ, ತೆಳು ರಬ್ಬರು. ಕೆಳಗಿನ ಮಾಡೆಲ್ಲಿಗೆ ಸಣ್ಣ ಚಕ್ರ, ದಪ್ಪ ರಬ್ಬರು. ಹೊಂಡಕ್ಕೆ ಬಿದ್ದಾಗ ಪೆಟ್ಟು ನುಂಗುವುದು ರಬ್ಬರೇ. ಆದ್ದರಿಂದ ಅದೇ ಗಾಡಿಯ ಕಡಿಮೆ ಬೆಲೆಯ ಮಾಡೆಲ್ಲೇ ಎಷ್ಟೋ ಸಲ ಸೊಂಟಕ್ಕೆ ಹಿತ. ದುಡ್ಡು ಉಳಿಯಿತು, ಬೆನ್ನೂ ಉಳಿಯಿತು. ಹೊಸ ಟೈರು ಹಾಕಿಸುವ ಕಾಲಕ್ಕೆ ಮಣ್ಣಿಗೂ ಟಾರಿಗೂ ಆಗುವ ಆಲ್ ಟೆರೇನ್ ಟೈರು ಹಾಕಿಸಬಹುದು. ಹೆದ್ದಾರಿಯಲ್ಲಿ ಸ್ವಲ್ಪ ಗುಂಯ್ ಎನ್ನುತ್ತದೆ, ಆದರೆ ಒದ್ದೆ ಮಣ್ಣಿನಲ್ಲಿ ಹಿಡಿತ ಬೇರೆ. ಬೋಳು ಟೈರಿನ ಫೋರ್ ಬೈ ಫೋರಿಗಿಂತ ಒಳ್ಳೇ ಟೈರಿನ ಸಾದಾ ಗಾಡಿ ಎಷ್ಟೋ ವಾಸಿ.

ಹೊಳೆ ದಾಟುವ ಶೂರರಿಗೆ ಒಂದು ಮಾತು. ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಇಂಜಿನ್ ಒಡೆಯುತ್ತದೆ, ಸಾದಾ ವಿಮೆಯಲ್ಲಿ ಆ ನಷ್ಟಕ್ಕೆ ಸಾಮಾನ್ಯವಾಗಿ ಬಿಡಿಗಾಸೂ ಹುಟ್ಟುವುದಿಲ್ಲ. ಅದಕ್ಕೆ ಬೇರೆ ಹಣ ಕಟ್ಟಿ ಇಂಜಿನ್ ಪ್ರೊಟೆಕ್ಟ್ ಸೇರಿಸಿರಬೇಕು. ಏಜೆಂಟರು ಕೇಳಿದರೆ ಮಾತ್ರ ಹೇಳುತ್ತಾರೆ.

ಬೆಲ್ಟಿನ ವಿಷಯವೂ ಇದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂಬ ಕಾನೂನಿದ್ದರೂ ನಮ್ಮ ಕಡೆ ಅದು ಲಗೇಜು ಕಟ್ಟುವ ಪಟ್ಟಿ! 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡ ಸೈರಸ್ ಮಿಸ್ತ್ರಿ ಕೂತಿದ್ದು ಹಿಂದಿನ ಸೀಟಿನಲ್ಲಿ, ಅದೂ ದುಬಾರಿ ಗಾಡಿಯಲ್ಲಿ. ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂದು ನಮ್ಮ ದೇಶದ್ದೇ ಪರೀಕ್ಷೆ ಶುರುವಾಗಿದೆ. ಗಾಡಿಯನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುತ್ತಾರೆ. ಸನ್‌ರೂಫ್ ಇದೆಯಾ ಎಂದು ಕೇಳುವವರು ನಕ್ಷತ್ರ ಎಷ್ಟು ಎಂದೂ ಕೇಳಬೇಕು.

ಭಾವಮೈದನ ಜೀಪು

ಹೀಗೆಲ್ಲ ತಲೆ ಕೆಡಿಸಿಕೊಂಡಿದ್ದಾಗ ದಾರಿ ತೋರಿಸಿದ್ದು ಯಜಮಾನರ ಹೆಂಡತಿ. ಹೆತ್ತೂರಿನಲ್ಲಿ ಆಕೆಯ ತಮ್ಮನಿದ್ದಾನೆ. ಅವನ ಹತ್ತಿರ ಹಳೇ ಜೀಪಿದೆ. ಮಳೆಗಾಲದಲ್ಲಿ ಹೋಗಬೇಕಾದರೆ ಹೊಸ ಗಾಡಿ ಅವನ ಮನೆ ಮುಂದೆ ನಿಲ್ಲಲಿ, ಕೊನೆಯ ಮೂರು ಕಿಲೋಮೀಟರಿಗೆ ಅವನೇ ಜೀಪಿನಲ್ಲಿ ಬಿಡುತ್ತಾನೆ. ಅಜ್ಜಿಯನ್ನು ಜೀಪಿಗೆ ಹತ್ತಿಸುವುದು ಹೇಗೆ? "ಕುರ್ಚಿ ಸಮೇತ ಎತ್ತಿ ಕೂರಿಸ್ತಾನೆ ಬಿಡಿ, ವರ್ಷಕ್ಕೆ ಒಂದ್ಸಲ ತಾನೆ!" ಮಿಕ್ಕ ಎಂಟು ತಿಂಗಳು ಆ ದಾರಿಯಲ್ಲಿ ನೆಲದಿಂದ 190 ಮಿಲಿಮೀಟರ್ ಎತ್ತರದ ಸಾದಾ ಗಾಡಿಯೂ ನಿಧಾನವಾಗಿ ಹೋಗುತ್ತದೆ, ಚಕ್ರದ ಗಾಲು ತಪ್ಪಿಸಿ ದಿಬ್ಬದ ಮೇಲೆ ಓಡಿಸಬೇಕು ಅಷ್ಟೆ.

ಯಜಮಾನರು ಮಾರನೇ ದಿನವೇ 1.5 ಲೀಟರ್ ಡೀಸೆಲ್ಲಿನ, ಎರಡು ಚಕ್ರದ, ಮಧ್ಯಮ ಗಾತ್ರದ ಗಾಡಿ ಬುಕ್ ಮಾಡಿದರು. ಸಣ್ಣ ಚಕ್ರದ ಮಾಡೆಲ್ಲು. ಹಣ ಕಟ್ಟುವ ಮುಂಚೆ ತಾಯಿಯನ್ನು ಎರಡು ಸಲ ಹತ್ತಿಸಿ ಇಳಿಸಿದರು. ಹಿಂದಿನ ಸೀಟಿನಲ್ಲಿ ಕೂರಿಸಿ ಹೆದ್ದಾರಿಯಲ್ಲಿ ಒಂದು ಸುತ್ತು, ಬೇಕೆಂದೇ ಹಾಳು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದರು. ಶೋರೂಮಿನ ಹುಡುಗ ಮುಖ ಸಣ್ಣ ಮಾಡಿಕೊಂಡ, ಮಾಡಿಕೊಳ್ಳಲಿ. ಮಗನೂ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದ.

ಗಾಡಿ ಕೈಗೆ ಬರಲು ಇನ್ನೂ ಆರು ವಾರ ಬೇಕಂತೆ. ಅಜ್ಜಿ ಮಾತ್ರ ಹೊಸ ಚಪ್ಪಲಿಯನ್ನು ಈಗಲೇ ಬಾಗಿಲ ಹತ್ತಿರ ಇಡಿಸಿಕೊಂಡಿದ್ದಾರೆ. ದಿನಾ ಸಂಜೆ ಮಗ ಬಸ್ಸಿಳಿದು ಬಂದ ಕೂಡಲೇ ಅದೇ ಪ್ರಶ್ನೆ: "ಬಂತೇನಪ್ಪ?"