ಕೈ ಬಿಗಿಯಾದಾಗ ಹಸಿರು ಉಳಿದೀತೇ?

ಆರ್ಥಿಕ ಹಿಂಜರಿತವೆಂದರೆ ಏನೆಂದು ಹೊಸೂರಿನ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ. 2008ರ ಕೊನೆಯಲ್ಲಿ ಲಾರಿಗಳ ಬೇಡಿಕೆ ಕುಸಿದಾಗ ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳು ಕೆಲಸದ ದಿನಗಳನ್ನು ಕಡಿತಗೊಳಿಸಿದವು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ತನ್ನ ಹೊಸೂರು ಘಟಕಗಳಲ್ಲಿ 5 ದಿನ ಉತ್ಪಾದನೆ ಇರುವುದಿಲ್ಲವೆಂದು ಪ್ರಕಟಿಸಿತು. ಮರುವರ್ಷ ಕೊರೋನಾ ಬಂದು ಸಿಪ್ಕಾಟ್‌ನ ಗೇಟುಗಳೇ ಮುಚ್ಚಿದವು. ದೊಡ್ಡ ಕಾರ್ಖಾನೆ ನಿಂತರೆ, ಅದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳಲ್ಲಿ ಮೊದಲು ಓಟಿ ನಿಲ್ಲುತ್ತದೆ, ಆಮೇಲೆ ಗುತ್ತಿಗೆ ಕಾರ್ಮಿಕರಿಗೆ ಕೆಲಸವೇ ಇಲ್ಲವಾಗುತ್ತದೆ.

ಇಂಥ ಹೊತ್ತಿನಲ್ಲಿ ಪರಿಸರದ ಮಾತೆತ್ತಿದರೆ, "ಫಾದರ್, ಮೊದಲು ಸಂಸಾರ ಉಳಿಯಲಿ, ಆಮೇಲೆ ಪರಿಸರ" ಎಂಬ ಉತ್ತರ ಬರುವುದು ಸಹಜ. ಆ ಉತ್ತರವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಸಬ್ಸಿಡಿ ಇಳಿದಾಗ

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ. ಏಥರ್ ಕಂಪನಿಯ ವಿದ್ಯುತ್ ಸ್ಕೂಟರ್‌ಗಳು ಹೊಸೂರಿನಲ್ಲಿ, ಓಲಾ ಸ್ಕೂಟರ್‌ಗಳು ಪೋಚಂಪಳ್ಳಿಯಲ್ಲಿ ತಯಾರಾಗುತ್ತವೆ. 2023ರ ಜೂನ್ 1ರಿಂದ ಕೇಂದ್ರ ಸರ್ಕಾರ ಇವುಗಳ ಸಬ್ಸಿಡಿಯನ್ನು ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಯಿಂದ 10,000ಕ್ಕೆ ಇಳಿಸಿತು. ವಾಹನದ ಬೆಲೆಯ ಶೇ. 40ರವರೆಗೆ ಸಿಗುತ್ತಿದ್ದ ನೆರವಿಗೆ ಶೇ. 15ರ ಮಿತಿ ಬಿತ್ತು. ಮೇ ತಿಂಗಳಲ್ಲಿ ದೇಶದಾದ್ಯಂತ 1 ಲಕ್ಷಕ್ಕೂ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳು ಮಾರಾಟವಾಗಿದ್ದವು. ಜೂನ್‌ನಲ್ಲಿ ಅದರ ಅರ್ಧವೂ ಆಗಲಿಲ್ಲ. ಬೆಲೆ ಏರುವ ಮುನ್ನ ಕೊಳ್ಳಬೇಕೆಂಬ ಆತುರ ಮೇ ತಿಂಗಳ ಲೆಕ್ಕವನ್ನು ಹೆಚ್ಚಿಸಿತ್ತು, ನಿಜ. ಆದರೂ ಸಾಮಾನ್ಯ ಕುಟುಂಬ ಮೊದಲು ನೋಡುವುದು ತನ್ನ ಜೇಬನ್ನೇ ಎಂಬುದು ಸ್ಪಷ್ಟವಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ ಮಾರಾಟ ಮತ್ತೆ ಏರಿತು. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ, ದಿನವೂ ಕೆಲಸಕ್ಕೆ ಓಡಾಡುವವರಿಗೆ ಕರೆಂಟಿನ ಗಾಡಿಯೇ ಲಾಭ. ಹಸಿರೂ ಉಳಿತಾಯವೂ ಒಂದೇ ದಾರಿಯಲ್ಲಿದ್ದರೆ ಜನ ಆ ದಾರಿ ಬಿಡುವುದಿಲ್ಲ.

ಹಳದಿ ಚೀಲ, ಟೌನ್ ಬಸ್ಸು

ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ 14 ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ 'ಮಂಜಪ್ಪೈ' ಎಂಬ ಹಳದಿ ಬಟ್ಟೆ ಚೀಲದ ಅಭಿಯಾನವನ್ನೂ ಆರಂಭಿಸಿತು. ಒಂದು ಕಾಲಕ್ಕೆ ಆ ಚೀಲ ಹಿಡಿದು ಪೇಟೆಗೆ ಹೋದರೆ ಹಳ್ಳಿಗಮಾರರೆಂದು ನಗುತ್ತಿದ್ದರು. ನಮ್ಮ ಅಜ್ಜಿಯರು ಹಳೆಯ ಸೀರೆಯಲ್ಲಿ ಚೀಲ ಹೊಲಿದದ್ದು ಪರಿಸರ ದಿನಾಚರಣೆಗಾಗಿ ಅಲ್ಲ, ದುಡ್ಡು ಉಳಿಸಲು. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಆ ಬಾಳಿಗೆ ಹಿಂಜರಿತದ ಭಯವಿರಲಿಲ್ಲ. 2021ರ ಮೇ ತಿಂಗಳಿಂದ ಟೌನ್ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಿರುವುದೂ ಹಾಗೆಯೇ: ಮನೆಯ ಖರ್ಚೂ ಉಳಿಯಿತು, ಗಾಡಿ ಬಿಟ್ಟು ಬಸ್ಸು ಹತ್ತಿದರೆ ರಸ್ತೆಯ ಹೊಗೆಯೂ ಅಷ್ಟು ತಗ್ಗುತ್ತದೆ.

ಆದರೆ ಅಡಿಗೆ ಗ್ಯಾಸ್ ನೋಡಿ. 2023ರ ಆರಂಭದಲ್ಲಿ ಸಿಲಿಂಡರ್ ಬೆಲೆ 1,100 ರೂಪಾಯಿ ದಾಟಿತ್ತು. ದಿನಗೂಲಿಯ ಕುಟುಂಬ ಅಷ್ಟನ್ನು ಒಮ್ಮೆಗೇ ಎಲ್ಲಿಂದ ತರಬೇಕು? ಸಿಲಿಂಡರ್ ಮೂಲೆ ಸೇರುತ್ತದೆ, ಸೌದೆ ಒಲೆ ಮತ್ತೆ ಉರಿಯುತ್ತದೆ. ಅದರ ಹೊಗೆ ಕುಡಿಯುವವಳು ಆ ಮನೆಯ ತಾಯಿ. ಅವಳಿಗೆ ಪರಿಸರ ಪ್ರೇಮದ ಉಪದೇಶ ಮಾಡುವುದು ಅನ್ಯಾಯ.

ಯಾರ ಹೊಲಕ್ಕೆ ನೊರೆ?

ಉಳಿತಾಯದ ಹೆಸರಿನಲ್ಲಿ ಇನ್ನೊಂದು ಅಪಾಯವಿದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ಮತ್ತೆ ಮತ್ತೆ ಬೆಟ್ಟದಂತೆ ನೊರೆ ಏಳುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಂಗಳೂರಿನ ಕಡೆಯ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ದಕ್ಷಿಣ ಪಿನಾಕಿನಿ ಅಲ್ಲಿಗೆ ಬರುತ್ತದೆ. ನೀರನ್ನು ಶುದ್ಧೀಕರಿಸದೆ ಬಿಟ್ಟವರಿಗೆ ಖರ್ಚು ಉಳಿಯಿತು. ಆದರೆ ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತ ಅದರ ಬೆಲೆ ತೆರುತ್ತಾನೆ. ಇದನ್ನು ಉಳಿತಾಯ ಎನ್ನಲಾಗದು. ನಮ್ಮ ಸಾಲವನ್ನು ಬಡವನ ಲೆಕ್ಕಕ್ಕೆ ಬರೆದಂತೆ. ವ್ಯಾಪಾರ ಕುಸಿದಾಗ ಇಂಥ ಆಸೆ ಹೆಚ್ಚುತ್ತದೆ. ಆಗಲೇ ನಾವು ಎಚ್ಚರವಾಗಿರಬೇಕು.

ನಾವೇನು ಮಾಡಬಹುದು?

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಮಾಡದೆ ಒಟ್ಟಿಗೇ ಕೇಳಬೇಕೆಂದು ಕರೆ ನೀಡಿದರು. ಧರ್ಮಕೇಂದ್ರದಲ್ಲಿ ಇದನ್ನು ಸಣ್ಣದಾಗಿಯೇ ಆರಂಭಿಸಬಹುದು. ಹಬ್ಬಕ್ಕೂ ಮದುವೆಗೂ ಬಾಡಿಗೆಯಿಲ್ಲದೆ ಕೊಡಲು ಸ್ಟೀಲ್ ತಟ್ಟೆ ಲೋಟಗಳನ್ನು ಒಮ್ಮೆ ಕೊಂಡಿಟ್ಟರೆ ಪೇಪರ್ ಕಪ್ಪಿನ ಖರ್ಚೂ ಕಸವೂ ಇಲ್ಲವಾಗುತ್ತವೆ. ಕೆಲಸ ಕಳೆದುಕೊಂಡ ಮನೆಗೆ ಅಕ್ಕಿಬೇಳೆ ಕೊಡುವಾಗ ಒಂದು ಸಿಲಿಂಡರಿನ ಹಣವನ್ನೂ ಸೇರಿಸಬಹುದು. ಕೈಯಲ್ಲಿ ನಾಲ್ಕು ಕಾಸಿರುವವರು ಸೋಲಾರ್‌ನಂಥ ದುಬಾರಿ ಹೆಜ್ಜೆಗಳನ್ನು ಮೊದಲು ಇಡಲಿ. ದಾರಿ ಸವೆದಷ್ಟೂ ಹಿಂದೆ ಬರುವವರಿಗೆ ಅಗ್ಗವಾಗುತ್ತದೆ.

ಐದು ರೊಟ್ಟಿಗಳಿಂದ ಐದು ಸಾವಿರ ಮಂದಿ ಉಂಡ ಮೇಲೂ ಪ್ರಭು ತುಣುಕುಗಳನ್ನು ಚೆಲ್ಲಗೊಡಲಿಲ್ಲ. ಹನ್ನೆರಡು ಬುಟ್ಟಿ ತುಂಬಿಸಿದರು. ಸಮೃದ್ಧಿಯಲ್ಲೇ ಹಾಗೆ ಮಾಡಿದವರ ಶಿಷ್ಯರು ನಾವು. ಕಷ್ಟ ಬರುವ ಮುನ್ನವೇ ಆ ಅಭ್ಯಾಸ ಮನೆಯಲ್ಲಿ ಬೇರೂರಿದ್ದರೆ, ಕಷ್ಟದ ದಿನಗಳಲ್ಲಿ ಅದೇ ನಮ್ಮ ಕೈ ಹಿಡಿಯುತ್ತದೆ.