ಕೈ ಉಳಿಸುವ ಫ್ಲಾಪ್ ಶಸ್ತ್ರಚಿಕಿತ್ಸೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಮಗ್ಗ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಟ್ರ್ಯಾಕ್ಟರ್ ಬೆಲ್ಟು ಇವುಗಳ ನಡುವೆಯೇ ಜೀವನ ಸಾಗುತ್ತದೆ. ಇವೆಲ್ಲ ಮೊದಲು ಹಿಡಿಯುವುದು ಕೈಯನ್ನೇ. ಇದರ ಮೇಲೆ ಬಸ್ಸಿನ ಕಿಟಕಿಯ ಪೆಟ್ಟು ಬೇರೆ. ವಿಜಯಪುರದ ರಸ್ತೆಯಲ್ಲೋ ಆಳಂದದ ರಸ್ತೆಯಲ್ಲೋ ಗಾಳಿಗೆಂದು ಮೊಣಕೈ ಹೊರಗಿಟ್ಟು ಕೂರುವವರು ಎಷ್ಟು ಮಂದಿ! ಎದುರಿನ ಲಾರಿ ಒಂದು ಗೇಣು ಹತ್ತಿರ ಬಂದರೆ ಸಾಕು, ಮೊಣಕೈಯ ಚರ್ಮ, ಮಾಂಸ, ಕೆಲವೊಮ್ಮೆ ಎಲುಬಿನ ಚೂರು ಕೂಡ ಹೋಗಿಬಿಡುತ್ತದೆ. ಇಂಥ ಗಾಯವಾದವರ ಮನೆಯವರು ಸಂಘಕ್ಕೆ ಕಾಗದಪತ್ರ ಓದಿಸಲು ಬರುತ್ತಾರೆ. ಅದರಲ್ಲಿ ಬರೆದಿರುವ ‘ಫ್ಲಾಪ್’ ಎಂಬ ಪದ ನೋಡಿ ಗಾಬರಿಯಾಗುತ್ತಾರೆ. ಸಿನಿಮಾ ಸೋತರೆ ಫ್ಲಾಪ್ ಅನ್ನುತ್ತೇವೆ, ವೈದ್ಯರು ಕೈಬಿಟ್ಟರೇನೋ ಎಂದು ಒಬ್ಬ ತಾಯಿ ಕೇಳಿದ್ದೂ ಉಂಟು. ಹಾಗಲ್ಲ. ಅದು ಕೈ ಉಳಿಸುವ ದಾರಿ.

ಚರ್ಮ ಹೋದ ಜಾಗಕ್ಕೆ ತೊಡೆಯಿಂದ ತೆಳು ಚರ್ಮ ತೆಗೆದು ಅಂಟಿಸುವುದನ್ನು ಚರ್ಮದ ಕಸಿ ಎನ್ನುತ್ತಾರೆ. ಇದು ಬಹಳ ಜನರಿಗೆ ಗೊತ್ತು. ಆದರೆ ಆ ಚರ್ಮಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ. ಕೆಳಗಿನ ಮಾಂಸದಿಂದ ರಸ ಹೀರಿಕೊಂಡೇ ಮೊದಲ ದಿನಗಳನ್ನು ಅದು ಕಳೆಯಬೇಕು. ಹೊಲದಲ್ಲಿ ಮಣ್ಣಿದ್ದರೆ ಸಸಿ ಹಿಡಿಯುತ್ತದೆ, ಬರೀ ಬಂಡೆಯ ಮೇಲೆ ಹಿಡಿಯುವುದಿಲ್ಲ. ಪೊರೆ ಕಳೆದುಕೊಂಡ ಎಲುಬು, ಬಯಲಾದ ಸ್ನಾಯುರಜ್ಜು, ಒಳಗೆ ಕೂರಿಸಿದ ಲೋಹದ ಪಟ್ಟಿ ಇವೆಲ್ಲ ಬಂಡೆಯಿದ್ದಂತೆ. ಅಲ್ಲಿಗೆ ಬೇಕಾದದ್ದು ಬೇರು ಸಮೇತ, ಮಣ್ಣಿನ ಹೆಂಟೆ ಸಮೇತ ಎತ್ತಿದ ಗಿಡ. ಫ್ಲಾಪ್ ಎಂದರೆ ಅದೇ: ಚರ್ಮ, ಅದರ ಕೆಳಗಿನ ಕೊಬ್ಬು, ಬೇಕಾದರೆ ಮಾಂಸಖಂಡವನ್ನೂ ಅದರ ರಕ್ತನಾಳದೊಂದಿಗೇ ಗಾಯದ ಮೇಲೆ ತಂದು ಕೂರಿಸುವುದು.

ಈ ವಿದ್ಯೆಗೆ ನಮ್ಮ ನೆಲದ ನಂಟಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಕಾವಸಜಿ ಎಂಬ ಎತ್ತಿನ ಗಾಡಿಯವನ ವಿಷಯ ಪ್ರಕಟಿಸಿತು. ಇಂಗ್ಲಿಷರ ಸೈನ್ಯದ ಜೊತೆಗಿದ್ದ ಆತ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ ಎಂದು ಅದರಲ್ಲಿದೆ. ಪುಣೆಯ ಕಡೆ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ನಾಟಿ ವೈದ್ಯ ಹಣೆಯ ಚರ್ಮವನ್ನು ಬುಡ ಕತ್ತರಿಸದೆ ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಶಸ್ತ್ರಚಿಕಿತ್ಸೆ ಮಾಡಿದರು. ಕಾವಸಜಿಗೆ ಮೂಗು ಬಂತು, ಕೈ ಬರಲಿಲ್ಲ. ಅಂದಿನ ವಿದ್ಯೆಗೆ ಅಷ್ಟೇ ಸಾಧ್ಯವಿತ್ತು.

ಇಂದು ತೋಳಿಗೆ ಹಲವು ದಾರಿಗಳಿವೆ. ಗಾಯ ಚಿಕ್ಕದಿದ್ದರೆ ಪಕ್ಕದ ಚರ್ಮವನ್ನೇ ಸರಿಸುತ್ತಾರೆ. ಮೊಣಕೈ ಅಥವಾ ಮೇಲ್ತೋಳಿನ ದೊಡ್ಡ ಗಾಯಕ್ಕೆ ಬೆನ್ನಿನ ಅಗಲವಾದ ಮಾಂಸಖಂಡ ಒದಗುತ್ತದೆ. ಅದರ ರಕ್ತನಾಳ ಕಂಕುಳ ಕಡೆಯಿಂದ ಬರುವುದರಿಂದ ನಾಳ ಕತ್ತರಿಸದೆಯೇ ಮಾಂಸಖಂಡವನ್ನು ತೋಳಿನತ್ತ ತಿರುಗಿಸಬಹುದು.

ಅಂಗೈ, ಮುಂಗೈ ಗಾಯಕ್ಕೆ ತೊಡೆಸಂದಿನ ಫ್ಲಾಪ್ ಇದೆ. 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ವೈದ್ಯರು ಇದನ್ನು ವಿವರಿಸಿದರು. ನಮ್ಮವರು ಹೆದರಿ ಬೇಡವೆನ್ನುವುದು ಹೆಚ್ಚಾಗಿ ಇದನ್ನೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ತೊಡೆಸಂದಿನ ಚರ್ಮದ ಪಟ್ಟಿಯನ್ನು ಒಂದು ಕಡೆ ಬುಡ ಉಳಿಸಿ ಎತ್ತಿ ಕೈಯ ಗಾಯಕ್ಕೆ ಹೊಲಿಯುತ್ತಾರೆ. ಸುಮಾರು 3 ವಾರ ಕೈ ಅಲ್ಲೇ ಅಂಟಿಕೊಂಡಿರುತ್ತದೆ. ಅಷ್ಟರಲ್ಲಿ ಗಾಯದ ಕಡೆಯಿಂದ ಹೊಸ ರಕ್ತನಾಳಗಳು ಪಟ್ಟಿಯೊಳಗೆ ಬೆಳೆಯುತ್ತವೆ, ಆಮೇಲೆ ಬುಡ ಕತ್ತರಿಸಿ ಕೈ ಬಿಡಿಸುತ್ತಾರೆ. ಊಟ, ಸ್ನಾನ, ಬಟ್ಟೆ ಎಲ್ಲಕ್ಕೂ ಇನ್ನೊಬ್ಬರು ಬೇಕು. ಭುಜ ಹಿಡಿದುಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಸಂಕೋಚವೂ ಸಹಜ. ಆದರೂ 3 ವಾರದ ಕಷ್ಟ ಅದು, ಬೆರಳಿನ ಕೆಲಸ ಜೀವಮಾನದ್ದು.

ಇನ್ನೊಂದು ಸ್ವತಂತ್ರ ಫ್ಲಾಪ್. ತೊಡೆಯಿಂದಲೋ ಬೆನ್ನಿನಿಂದಲೋ ಭಾಗವನ್ನು ಪೂರ್ತಿ ಬಿಡಿಸಿ ತಂದು, ಕೆಲವೇ ಮಿಲಿಮೀಟರ್ ಅಗಲದ ಅದರ ರಕ್ತನಾಳವನ್ನು ಕೈಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಡಿ ಹೊಲಿಯುತ್ತಾರೆ. ದಾರ ತಲೆಗೂದಲಿಗಿಂತ ತೆಳು. ಹಲವು ಗಂಟೆಗಳ ಕೆಲಸ, ಅದರ ತಂಡವೇ ಬೇರೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈಗಾಯಗಳ ಚಿಕಿತ್ಸೆಗೆ ದೇಶದ ಹೊರಗೂ ಹೆಸರಾಗಿದೆ ಎಂಬುದು ತಾಳವಾಡಿ, ನೀಲಗಿರಿಯ ಸದಸ್ಯರಿಗೆ ಗೊತ್ತೇ ಇದೆ.

ಇಲ್ಲೆಲ್ಲ ಮುಖ್ಯವಾದದ್ದು ದಿನದ ಲೆಕ್ಕ. ಯುಗೋಸ್ಲಾವಿಯಾದ ಮಾರ್ಕೊ ಗೊಡಿನಾ ಎಂಬ ವೈದ್ಯರು ಕೈಕಾಲಿನ ಭಾರಿ ಗಾಯಗಳಿಗೆ ಸ್ವತಂತ್ರ ಫ್ಲಾಪ್ ಮಾಡಿಸಿಕೊಂಡ 532 ರೋಗಿಗಳ ವಿವರವನ್ನು 1986ರಲ್ಲಿ ಪ್ರಕಟಿಸಿದರು. 72 ಗಂಟೆಯೊಳಗೆ ಮುಚ್ಚಿದ ಗಾಯಗಳಲ್ಲಿ ಫ್ಲಾಪ್ ಸತ್ತದ್ದು ನೂರಕ್ಕೆ ಒಂದಕ್ಕೂ ಕಡಿಮೆ. ಅದಕ್ಕಿಂತ ತಡವಾಗಿ, 3 ತಿಂಗಳೊಳಗೆ ಮುಚ್ಚಿದವುಗಳಲ್ಲಿ ನೂರಕ್ಕೆ 12. ಹೀಗೆ ತಡವಾಗಿ ಮುಚ್ಚಿದವುಗಳಲ್ಲಿ ಕೀವಾಗುವುದೂ ಹೆಚ್ಚು. ಈಗ ಗಾಯ ತೊಳೆಯುವ, ಕಾಯುವ ಸಾಧನಗಳು ಸುಧಾರಿಸಿವೆ ನಿಜ, ಆದರೂ ಊರಿನಲ್ಲಿ ಎರಡು ವಾರ ಡ್ರೆಸ್ಸಿಂಗ್ ಮಾಡಿಸುತ್ತ ಕೂತು ಎಲುಬು ಕಪ್ಪಾದ ಮೇಲೆ ಹೊರಡುವುದು ಬೇಡ. ಗಾಯದಲ್ಲಿ ಎಲುಬೋ ಬಿಳಿ ಹುರಿಯೋ ಕಂಡರೆ ಮೊದಲ ದಿನವೇ ‘ಪ್ಲಾಸ್ಟಿಕ್ ಸರ್ಜನ್ ಇದ್ದಾರೆಯೇ?’ ಎಂದು ಕೇಳಿ. ಈ ವೈದ್ಯರು ಬರೀ ಚೆಂದಕ್ಕೆ ಇರುವವರಲ್ಲ.

ಗಾಯವಾದ ಕೂಡಲೇ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ಬಳೆ, ಉಂಗುರ ಬಿಚ್ಚಿ, ಬಾವು ಬಂದರೆ ಅವೇ ಉರುಳಾಗುತ್ತವೆ. ಅರಿಶಿನ, ಕಾಫಿಪುಡಿ, ಮಸಿ ಹಾಕಬೇಡಿ. ಬೆರಳು ತುಂಡಾಗಿದ್ದರೆ ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ತುಂಡಿಗೆ ಮಂಜು ನೇರವಾಗಿ ತಾಗಬಾರದು.

ಶಸ್ತ್ರಚಿಕಿತ್ಸೆಯಾದ ಮೇಲೆ ದಾದಿಯರು ಗಂಟೆಗಂಟೆಗೂ ಬಂದು ಫ್ಲಾಪಿನ ಬಣ್ಣ, ಬಿಸಿ ನೋಡುತ್ತಾರೆ. ಬಿಳಿಚಿಕೊಂಡು ತಣ್ಣಗಾದರೆ ರಕ್ತ ಬರುತ್ತಿಲ್ಲ, ನೀಲಿಗಟ್ಟಿದರೆ ರಕ್ತ ಹಿಂದಕ್ಕೆ ಹೋಗುತ್ತಿಲ್ಲ ಎಂದರ್ಥ. ರಾತ್ರಿ ಎರಡಕ್ಕೆ ಹಾಗೆ ಕಂಡರೂ ಕರೆಯಿರಿ, ಬೇಗ ತಿಳಿದರೆ ಮತ್ತೆ ತೆರೆದು ಸರಿಪಡಿಸಬಹುದು. ಬೀಡಿ, ಗುಟ್ಕಾ, ತಂಬಾಕು ಪೂರ್ತಿ ಬಂದ್. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ನೋಡಲು ಬಂದ ಗೆಳೆಯರು ಪ್ರೀತಿಯಿಂದ ತಂದುಕೊಡುವ ಪುಡಿಕೆಯನ್ನು ವಾರ್ಡಿನ ಹೊರಗೇ ತಡೆಯಬೇಕು. ಗಾಯ ಮಾಯಿತೆಂದು ವ್ಯಾಯಾಮ ಬಿಟ್ಟರೆ ಕೀಲು ಹಿಡಿದುಕೊಂಡು ಕೈ ಇದ್ದೂ ಇಲ್ಲದಂತಾಗುತ್ತದೆ. ಉಬ್ಬಿಕೊಂಡಿರುವ ಫ್ಲಾಪನ್ನು ತೆಳುಮಾಡಲು ಮತ್ತೊಮ್ಮೆ ಹೋಗಬೇಕಾಗಬಹುದು, ಗಾಬರಿ ಬೇಡ.

ಕೊನೆಗೆ ನಮ್ಮ ಗುಮಾಸ್ತಿಕೆಯ ಮಾತು. ಗಡಿಯಲ್ಲಿರುವ ನಮಗೆ ಕಾಗದವೇ ಅರ್ಧ ಚಿಕಿತ್ಸೆ. ಮಹಾರಾಷ್ಟ್ರದವರಿಗೆ ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಇದೆ. ಆಯುಷ್ಮಾನ್ ಭಾರತ್ ಕಾರ್ಡು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ಮಿತಿಯಲ್ಲಿ, ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕಾರ್ಖಾನೆಯಲ್ಲಿ ಇಎಸ್‌ಐ ಕಟ್ಟುತ್ತಿದ್ದರೆ ಆ ಸಂಖ್ಯೆ ಮನೆಯವರಿಗೂ ತಿಳಿದಿರಲಿ. ದಾಖಲಾಗುವಾಗಲೇ ಆರೋಗ್ಯಮಿತ್ರರನ್ನು ಕಾಣಿ, ಬಿಲ್ಲು ಬಂದ ಮೇಲಲ್ಲ. ಡಿಸ್ಚಾರ್ಜ್ ಪತ್ರ, ಎಕ್ಸ್-ರೇ, ಅಪಘಾತವಾದರೆ ಪೊಲೀಸ್ ವರದಿಯ ಪ್ರತಿ ಎಲ್ಲ ಒಂದೇ ಕಡತದಲ್ಲಿರಲಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಒಪ್ಪಿಗೆ ಪತ್ರಕ್ಕೆ ಅರ್ಥವಾಗದೆ ಹೆಬ್ಬೆಟ್ಟು ಒತ್ತಬೇಡಿ. ಫೋಟೋ ತೆಗೆದು ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ನೇರವಾಗಿ ಕಾರ್ಯದರ್ಶಿಗೆ ಕಳಿಸಿ, ಕನ್ನಡದಲ್ಲಿ ಓದಿ ಹೇಳುತ್ತೇವೆ.